ಗುಡ್ಡ ಸರ್ಕಾರದ್ದು, ಕಾಲ್ದಾರಿ ಯಾರದ್ದು?

ಬೆಳಗಿನ ಐದೂವರೆಗೆ ಸಿಂಧನೂರಿನಿಂದ ಮಸ್ಕಿ ಕಡೆಗೋ, ಮಸ್ಕಿಯಿಂದ ಲಿಂಗಸುಗೂರು ಕಡೆಗೋ ಬೈಕ್ ಹಿಡಿದು ಹೊರಟರೆ ದಿನಾ ಒಂದೇ ನೋಟ. 150ಎ ರಾಷ್ಟ್ರೀಯ ಹೆದ್ದಾರಿಯ ಅಂಚಿನ ಬಿಳಿ ಗೆರೆ ಹಿಡಿದು ಹುಡುಗರು ಓಡುತ್ತಿರುತ್ತಾರೆ. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕಾದರೆ ಗಂಡುಮಕ್ಕಳು 1600 ಮೀಟರ್ ದೂರವನ್ನು ಆರೂವರೆ ನಿಮಿಷದಲ್ಲಿ ಓಡಿ ಮುಗಿಸಬೇಕು. ಹೆಣ್ಣುಮಕ್ಕಳಿಗೆ 400 ಮೀಟರ್, ಎರಡು ನಿಮಿಷ. ಅದಕ್ಕೇ ಈ ತಯಾರಿ. ಪಕ್ಕದಲ್ಲೇ ಭತ್ತದ ಲಾರಿ, ಮರಳಿನ ಟಿಪ್ಪರ್, ರಾತ್ರಿಯೆಲ್ಲ ಓಡಿ ಬಂದ ಬಸ್ಸು ಗಾಳಿ ಬೀಸಿ ಹೋಗುತ್ತವೆ. ಡ್ರೈವರ್ ಕಣ್ಣು ಒಂದು ಕ್ಷಣ ಮುಚ್ಚಿದರೆ ಮುಗಿಯಿತು.

ಹುಡುಗರು ಕಾಣುತ್ತಾರೆ. ಹುಡುಗಿಯರು ಎಲ್ಲಿ ಓಡುತ್ತಾರೆ? ಹೆಚ್ಚಿನವರು ಓಡುವುದೇ ಇಲ್ಲ. ಸಕ್ಕರೆ ಕಾಯಿಲೆ ಬಂದವರಿಗೆ ಡಾಕ್ಟರು ‘ದಿನಾ ಅರ್ಧ ತಾಸು ನಡೀರಿ’ ಅನ್ನುತ್ತಾರೆ. ಎಲ್ಲಿ ನಡೆಯಬೇಕು ಅಂತ ಚೀಟಿಯಲ್ಲಿ ಬರೆದು ಕೊಡುವುದಿಲ್ಲ. ಸಿಂಧನೂರು ಕಡೆ ಕಾಲುವೆ ದಂಡೆ ಇದೆ, ಪಟ್ಟಣದಲ್ಲಿ ಕಾಲೇಜು ಮೈದಾನ ಇದೆ. ಹಳ್ಳಿಯಲ್ಲಿ ರಸ್ತೆಯೊಂದೇ ಗತಿ.

ಈಗ ಅದೇ ರಸ್ತೆಯಿಂದ ತಲೆ ಎತ್ತಿ ನೋಡಿ. ಮಸ್ಕಿಯಲ್ಲಿ ಊರಿಗೆ ಅಂಟಿಕೊಂಡೇ ಗುಡ್ಡ. ಮುದಗಲ್ ಸುತ್ತ ಬಂಡೆಗಲ್ಲಿನ ಗುಡ್ಡಸಾಲು. ಗುರುಗುಂಟಾ, ಅಮರೇಶ್ವರದ ಕಡೆ ಕುರುಚಲು ಅಡವಿ. ಇದರಲ್ಲಿ ಕೆಲವು ಅರಣ್ಯ ಇಲಾಖೆಯದು, ಕೆಲವು ಕಂದಾಯದ್ದು, ಕೆಲವು ಗಾಯರಾಣ, ಕೆಲವು ಪುರಾತತ್ವದವರದು. ಒಟ್ಟಿನಲ್ಲಿ ಸಾರ್ವಜನಿಕ ಜಮೀನು. ಆದರೆ ಆ ಸಾರ್ವಜನಿಕರು ಒಳಗೆ ಕಾಲಿಡಬಹುದೋ ಇಲ್ಲವೋ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಾರೆ.

ನಮ್ಮ ಮೂರು ತಾಲ್ಲೂಕಿನ ಈ ಗುಡ್ಡಗಳಲ್ಲಿ ನಡೆದಾಡುವ ದಾರಿಗಳು ಬೇಕು ಎಂದು ಹೇಳಲು ಈ ಬರಹ. ಜೊತೆಗೆ, ಆ ದಾರಿ ಹೇಗೆ ಬರಬಾರದು ಎಂದು ಹೇಳಲು ಕೂಡ.

ನಮ್ಮ ಗುಡ್ಡದಲ್ಲಿ ಏನಿದೆ?

‘ನಮ್ಮ ಕಡೆ ನೋಡೋಕೆ ಏನಿದೆ ಬಿಡ್ರಿ, ಬಿಸಿಲು, ಜಾಲಿ, ಕಲ್ಲು’ ಎಂದು ನಾವೇ ಹೇಳಿಕೊಳ್ಳುತ್ತೇವೆ. ಇದು ತಪ್ಪು ತಿಳಿವಳಿಕೆ.

1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ನಿಕ್ಷೇಪ ಹುಡುಕುತ್ತಾ ಮಸ್ಕಿಯ ಗುಡ್ಡಕ್ಕೆ ಬಂದರು. ಅವರಿಗೆ ಸಿಕ್ಕಿದ್ದು ಬಂಡೆಯ ಮೇಲಿನ ಬ್ರಾಹ್ಮಿ ಅಕ್ಷರ. ಅಲ್ಲಿಯವರೆಗೆ ದೇಶದ ತುಂಬಾ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ಆ ರಾಜ ಅಶೋಕನೇ ಎಂದು ಹೆಸರು ಹೇಳಿದ ಮೊದಲ ಶಾಸನ ನಮ್ಮ ಮಸ್ಕಿಯದು. ಆಮೇಲೆ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಕಡೆಯ ನಿಟ್ಟೂರು, ಉಡೆಗೋಳಗಳಲ್ಲೂ ಹೆಸರಿರುವ ಶಾಸನಗಳು ಸಿಕ್ಕವು. 1954ರಲ್ಲಿ ಬಿ.ಕೆ. ಥಾಪರ್ ಮಸ್ಕಿಯಲ್ಲಿ ಉತ್ಖನನ ಮಾಡಿದರು. ಕಬ್ಬಿಣ ಕಾಣುವ ಮೊದಲಿನ ಕಾಲದಿಂದಲೂ ಇಲ್ಲಿ ಜನ ಬದುಕಿದ್ದರು ಎಂಬುದು ಗೊತ್ತಾಯಿತು.

ಮುದಗಲ್ ಹತ್ತಿರದ ಪಿಕ್ಲಿಹಾಳ ಇನ್ನೊಂದು. 1950ರ ದಶಕದ ಆರಂಭದಲ್ಲಿ ಎಫ್.ಆರ್. ಆಲ್‌ಚಿನ್ ಎಂಬ ವಿದ್ವಾಂಸರು ಅಲ್ಲಿ ಅಗೆದು ನೋಡಿದರು. ನವಶಿಲಾಯುಗದ ಆ ಜನ ದನ ಸಾಕುವವರು. ಬಂಡೆಗಳ ಮೇಲೆ ಅವರು ಕುಟ್ಟಿ ಕೆತ್ತಿದ ಗೂಳಿಗಳು ಇವತ್ತಿಗೂ ಇವೆ. ಪ್ರಪಂಚದ ಪುರಾತತ್ವ ಓದುವವರಿಗೆ ಪಿಕ್ಲಿಹಾಳ ಗೊತ್ತು. ಪಕ್ಕದ ಊರಿನ ಹೈಸ್ಕೂಲು ಮಕ್ಕಳಲ್ಲಿ ಎಷ್ಟು ಮಂದಿ ಆ ಗೂಳಿಗಳನ್ನು ನೋಡಿದ್ದಾರೆ, ನೀವೇ ಕೇಳಿ ನೋಡಿ.

ಕೃಷ್ಣಾ ನದಿಯ ನಡುವೆ ಜಲದುರ್ಗ ಇದೆ. ಸಿಂಧನೂರು ತಾಲ್ಲೂಕಿನ ಸೋಮಲಾಪುರದಲ್ಲಿ ಅಂಬಾಮಠದ ಸಿದ್ಧಪರ್ವತ ಇದೆ, ಬನದ ಹುಣ್ಣಿಮೆಗೆ ಅಲ್ಲಿ ಜಾತ್ರೆ ಸೇರುತ್ತದೆ. ಅಮರೇಶ್ವರಕ್ಕೆ ಸುತ್ತಿನ ಜಿಲ್ಲೆಗಳಿಂದ ಭಕ್ತರು ಬರುತ್ತಾರೆ. ಅಂದರೆ ಗುಡ್ಡಕ್ಕೆ ನಡೆದು ಹೋಗುವುದು ನಮಗೆ ಹೊಸದಲ್ಲ. ದೇವರ ಹೆಸರಿನಲ್ಲಿ ವರ್ಷಕ್ಕೊಮ್ಮೆ ಹೋಗುತ್ತೇವೆ. ಉಳಿದ ದಿನ ಗುಡ್ಡ ಇದ್ದೂ ಇಲ್ಲದಂತೆ.

ಇನ್ನು ಕಾಡು. ದೇಶದ ಮೂರನೇ ಒಂದು ಭಾಗ ಕಾಡಿರಬೇಕು ಎಂದು 1988ರ ರಾಷ್ಟ್ರೀಯ ಅರಣ್ಯ ನೀತಿ ಹೇಳುತ್ತದೆ. ರಾಜ್ಯದಲ್ಲಿ ಅತಿ ಕಡಿಮೆ ಕಾಡಿರುವ ಜಿಲ್ಲೆಗಳ ಸಾಲಿನಲ್ಲಿ ರಾಯಚೂರು ನಿಲ್ಲುತ್ತದೆ. ಇರುವುದೇ ಚೂರು. ಆ ಚೂರು ಕೂಡ ಮಲೆನಾಡಿನ ಹಾಗೆ ಹಸಿರು ಚಾದರ ಅಲ್ಲ. ಬಂಡೆ, ಹುಲ್ಲು, ಕಾರೆ, ಬಾರಿ, ಸೀತಾಫಲದ ಗಿಡ. ಇದನ್ನು ‘ಪಾಳು ಬಿದ್ದ ಜಾಗ’ ಅಂದುಕೊಂಡಿದ್ದೇವೆ. ಆದರೆ ನೆರೆಯ ಜಿಲ್ಲೆಗಳನ್ನು ನೋಡಿ. ಇಂಥದೇ ಬಂಡೆಗುಡ್ಡದಲ್ಲಿ 1994ರಲ್ಲಿ ದರೋಜಿ ಕರಡಿಧಾಮ ಆಯಿತು. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರ್ ಕುರುಚಲು ಕಾಡು ತೋಳಗಳ ಧಾಮವಾಗಿದೆ. ಗದಗಿನ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಅವರ ಕುರುಚಲು ಕಾಡಿಗೆ ಬೆಲೆ ಇದೆ ಎಂದಾದರೆ ನಮ್ಮದಕ್ಕೂ ಇದೆ.

ಸರ್ಕಾರ ಕೊಡುತ್ತಿರುವುದು ಏನು?

ಅರಣ್ಯ ಇಲಾಖೆಯ ಕಡೆಯಿಂದ ಜನರಿಗೆ ಸಿಗುವ ‘ವಿಹಾರ’ ಎರಡು ತರಹದ್ದು.

ಮೊದಲನೆಯದು ವೃಕ್ಷೋದ್ಯಾನ, ನಮ್ಮ ಬಾಯಲ್ಲಿ ಟ್ರೀ ಪಾರ್ಕ್. ಸಾಲುಮರದ ತಿಮ್ಮಕ್ಕನವರ ಹೆಸರಿನಲ್ಲಿ ರಾಜ್ಯದ ಹಲವು ತಾಲ್ಲೂಕುಗಳಲ್ಲಿ ಮಾಡಿದ್ದಾರೆ. ಉದ್ದೇಶ ಒಳ್ಳೆಯದು, ಪಟ್ಟಣದವರಿಗೆ ಅನುಕೂಲವೂ ಹೌದು. ಆದರೆ ಈ ಪಾರ್ಕುಗಳಲ್ಲಿ ಹೆಚ್ಚಾಗಿ ಕಾಣುವುದು ಸಿಮೆಂಟಿನ ಜಿಂಕೆ, ಸಿಮೆಂಟಿನ ಆನೆ, ಟೈಲ್ಸ್ ಹಾಕಿದ ದಾರಿ, ಜೋಕಾಲಿ ಮತ್ತು ಒಂದು ಗೇಟು. ಮೂರು ವರ್ಷಕ್ಕೆ ಜೋಕಾಲಿ ಮುರಿಯುತ್ತದೆ, ನಳದಲ್ಲಿ ನೀರು ನಿಲ್ಲುತ್ತದೆ, ರಿಪೇರಿಗೆ ದುಡ್ಡಿಲ್ಲ ಎನ್ನುತ್ತಾರೆ. ಹತ್ತು ಕಿಲೊಮೀಟರ್ ಆಚೆಯ ಹಳ್ಳಿಯವರಿಗೆ ಅದು ಮದುವೆ ಫೋಟೊ ತೆಗೆಸುವ ಜಾಗ ಅಷ್ಟೇ.

ಎರಡನೆಯದು ಚಾರಣ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತಕ್ಕೆ ಸಾವಿರಾರು ಮಂದಿ ಒಂದೇ ಸಲ ನುಗ್ಗಿದರು. ಆ ವಿಡಿಯೊ ನಮ್ಮ ಫೋನುಗಳಿಗೂ ಬಂದಿತ್ತು. ಸರ್ಕಾರ ಚಾರಣಗಳನ್ನು ತಡೆದು, ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಎಂಬ ಆನ್‌ಲೈನ್ ಬುಕಿಂಗ್ ತೆರೆಯಿತು. ಒಂದು ದಾರಿಗೆ ದಿನಕ್ಕೆ 300 ಮಂದಿ ಎಂಬ ಮಿತಿ ಹಾಕಿತು. ಮಿತಿ ಹಾಕಿದ್ದು ಸರಿಯಾದ ಕೆಲಸ. ಆದರೆ ಈ ವ್ಯವಸ್ಥೆ ಹುಟ್ಟಿದ್ದೇ ಪಶ್ಚಿಮ ಘಟ್ಟ ಮತ್ತು ಬೆಂಗಳೂರಿನ ಸುತ್ತಲಿನ ಬೆಟ್ಟಗಳಿಗಾಗಿ, ಶನಿವಾರ ಬಸ್ಸು ಹತ್ತಿ ಬರುವ ನಗರದವರಿಗಾಗಿ. ಬೆಳಿಗ್ಗೆ ಅರ್ಧ ತಾಸು ನಡೆಯಬೇಕೆಂದಿರುವ ಮಸ್ಕಿಯ ಅವ್ವನಿಗೆ ಬುಕಿಂಗ್, ಒಟಿಪಿ, ಟಿಕೆಟ್ಟು ಯಾಕೆ ಬೇಕು?

ನಮಗೆ ಬೇಕಿರುವುದು ಈ ಎರಡರ ನಡುವಿನದು. ಸಿಮೆಂಟಿಲ್ಲದ, ಗೇಟಿಲ್ಲದ, ಊರಿನಿಂದಲೇ ಶುರುವಾಗುವ ಕಾಲ್ದಾರಿ.

ಮೊದಲ ಹಕ್ಕು ಯಾರದು?

ಇಲ್ಲಿ ಒಂದು ಗಂಟು ಇದೆ. ಅದನ್ನು ಬಿಡಿಸದೆ ದಾರಿಯ ಮಾತು ಆಡಿದರೆ ನಾವು ನಮ್ಮವರಿಗೇ ದ್ರೋಹ ಮಾಡಿದಂತೆ.

ಗುಡ್ಡದಲ್ಲಿ ಈಗಾಗಲೇ ಕಾಲ್ದಾರಿಗಳಿವೆ. ಅವುಗಳನ್ನು ಮಾಡಿದ್ದು ಇಲಾಖೆಯಲ್ಲ, ಕುರಿಗಳು. ಕುರಿಗಾಹಿಗಳು ತಲೆತಲಾಂತರದಿಂದ ನಡೆದು ಸವೆಸಿದ ದಾರಿ ಅವು. ಯಾವ ಬಂಡೆಯ ಸಂದಿಯಲ್ಲಿ ಬೇಸಿಗೆಯಲ್ಲೂ ನೀರು ನಿಲ್ಲುತ್ತದೆ, ಯಾವ ಗವಿಯಲ್ಲಿ ಕರಡಿ ಮರಿ ಹಾಕುತ್ತದೆ, ಮಳೆ ಬಂದಾಗ ಯಾವ ಹಳ್ಳ ದಾಟಬಾರದು ಎಂಬುದೆಲ್ಲ ಅವರಿಗೆ ಗೊತ್ತು. ಪಿಕ್ಲಿಹಾಳದ ಬಂಡೆಯ ಮೇಲೆ ಗೂಳಿ ಕೆತ್ತಿದವನ ಕಸುಬನ್ನು ಇಂದಿಗೂ ಮುಂದುವರಿಸಿಕೊಂಡು ಬಂದವರು ಅವರೇ.

ಕಾನೂನು ಏನು ಹೇಳುತ್ತದೆ? 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಹೋಗುವುದು, ದನ ಕುರಿ ಮೇಯಿಸುವುದು ಅಪರಾಧ. 2006ರ ಅರಣ್ಯ ಹಕ್ಕು ಕಾಯ್ದೆ ಇದಕ್ಕೆ ಇನ್ನೊಂದು ಮುಖ ಕೊಟ್ಟಿತು. ಒಂದೇ ಕಡೆ ನೆಲೆಸಿದವರಿರಲಿ, ಊರೂರು ತಿರುಗುವವರಿರಲಿ, ಕಾಡನ್ನೇ ನಂಬಿ ಬದುಕಿದ ಸಮುದಾಯಗಳಿಗೆ ಮೇಯಿಸುವ ಹಕ್ಕು ಇದೆ ಎಂದು ಅದು ಒಪ್ಪುತ್ತದೆ. ಕಾಗದದಲ್ಲಿ ಇದೆ. ಆದರೆ ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಕುರಿ ಹಿಂದೆ ಊರೂರು ನಡೆದವರ ಹತ್ತಿರ ದಾಖಲೆ ಎಲ್ಲಿಂದ ಬರಬೇಕು?

2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷಕ್ಕೆ ಬಲಿಯಾದವು. ಮನಸ್ಸು ಕಲಕುವ ಘಟನೆ ಅದು. ಅದರ ಬೆನ್ನಿಗೆ ಜುಲೈನಲ್ಲಿ, ಕಾಡಿನಲ್ಲಿ ದನ, ಕುರಿ, ಮೇಕೆ ಮೇಯಿಸುವುದನ್ನು ನಿಷೇಧಿಸಲು ಕ್ರಮ ಕೈಗೊಳ್ಳಿ ಎಂದು ಅರಣ್ಯ ಸಚಿವರು ಅಧಿಕಾರಿಗಳಿಗೆ ಸೂಚಿಸಿದರು. ರಾಜ್ಯದ ತುಂಬಾ ಕುರಿಗಾಹಿಗಳು, ರೈತರು ಸಿಟ್ಟಾದರು. ಹುಲಿ ಇರುವ ಕಾಡಿನ ನಿಯಮವನ್ನು ಹುಲಿಯೇ ಇಲ್ಲದ ನಮ್ಮ ಜಾಲಿ ಗುಡ್ಡಕ್ಕೂ ತಂದರೆ ಏನಾಗುತ್ತದೆ ಎಂಬ ಭಯ ನಮ್ಮ ಕಡೆಯ ದಡ್ಡಿಗಳಲ್ಲಿ ಇವತ್ತಿಗೂ ಹೋಗಿಲ್ಲ.

ಇನ್ನೊಂದು ಕಡೆ 2023ರಲ್ಲಿ ಕೇಂದ್ರ ಸರ್ಕಾರ ಅರಣ್ಯ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ತಂದಿತು. ಇಲಾಖೆಯ ಕಾರ್ಯಯೋಜನೆಯಲ್ಲಿ ಸೇರಿದ್ದರೆ ಪರಿಸರ ಪ್ರವಾಸೋದ್ಯಮದ ಸೌಲಭ್ಯ ಕಟ್ಟುವುದು ಇನ್ನು ಮೇಲೆ ‘ಅರಣ್ಯೇತರ ಕೆಲಸ’ ಅಲ್ಲ. ಅಂದರೆ ರೆಸಾರ್ಟಿನವರ ಬಾಗಿಲು ಸ್ವಲ್ಪ ತೆರೆಯಿತು, ಕುರಿಗಾಹಿಯ ಬಾಗಿಲು ಸ್ವಲ್ಪ ಮುಚ್ಚಿತು.

ನಮ್ಮ ಆತಂಕ ಇಷ್ಟೇ. ನಾಳೆ ‘ಚಾರಣ ಪಥ’ ಎಂಬ ಬೋರ್ಡು ಬಂದು, ಟಿಕೆಟ್ ಕೊಂಡವನು ಒಳಗೆ, ಕುರಿ ಕಾಯುವವನು ಹೊರಗೆ ಎಂದಾಗಬಾರದು. ಹಾಗೆ ಆಗುವುದಾದರೆ ನಮಗೆ ದಾರಿಯೇ ಬೇಡ. ನಡೆಯುವ ಹಕ್ಕು ಮತ್ತು ಮೇಯಿಸುವ ಹಕ್ಕು ಒಂದೇ ಕಾಗದದಲ್ಲಿ, ಒಂದೇ ಗ್ರಾಮಸಭೆಯಲ್ಲಿ ಬರೆದಾಗಲಿ. ಬರೆಯುವಾಗ ಕುರಿಗಾಹಿಯ ಹೆಸರು ಮೇಲಿರಲಿ.

‘ಬಿಟ್ಟರೆ ಹಾಳು ಮಾಡ್ತಾರೆ’

ಇಲಾಖೆಯವರು ಹೇಳುವ ಮಾತನ್ನೂ ಕೇಳಬೇಕು. ಅದರಲ್ಲಿ ಸತ್ಯ ಇದೆ.

ಜನ ಬಂದರೆ ಬಾಟಲಿ, ಚಿಪ್ಸ್ ಚೀಟು ಬರುತ್ತವೆ. ಬಂಡೆಯ ಮೇಲೆ ಪೇಂಟಿನಲ್ಲಿ ಹೆಸರು ಬರೆಯುವವರು ಬರುತ್ತಾರೆ. ಸಾವಿರಾರು ವರ್ಷದ ಕೆತ್ತನೆ ಪಕ್ಕದಲ್ಲೇ ‘ಐ ಲವ್ ಯೂ’ ಗೀಚುವ ಹುಡುಗರು ನಮ್ಮವರೇ, ಬೆಂಗಳೂರಿನಿಂದ ಬಂದವರಲ್ಲ. ಫೆಬ್ರುವರಿ, ಮಾರ್ಚ್‌ನಲ್ಲಿ ಹುಲ್ಲು ಒಣಗಿದಾಗ ಒಂದು ಬೀಡಿ ತುಂಡು ಸಾಕು, ಇಡೀ ಗುಡ್ಡ ಉರಿಯುತ್ತದೆ. ಕರಡಿಯ ವಿಷಯವೂ ಇದೆ. ಕರಡಿ ಮುಸ್ಸಂಜೆಯಿಂದ ನಸುಕಿನವರೆಗೆ ಓಡಾಡುವ ಪ್ರಾಣಿ. ಸೀತಾಫಲ, ಬಾರಿ ಹಣ್ಣಿನ ಕಾಲದಲ್ಲಿ ಗಿಡದ ಬುಡದಲ್ಲೇ ಇರುತ್ತದೆ. ಹಠಾತ್ತಾಗಿ ಎದುರಾದರೆ ಮೈಮೇಲೆ ಬೀಳುತ್ತದೆ. ಚಿರತೆ ಕಂಡ ಸುದ್ದಿಯೂ ನಮ್ಮ ಜಿಲ್ಲೆಯಿಂದ ಆಗಾಗ ಬರುತ್ತದೆ.

ಜಲದುರ್ಗದ ಕಡೆ ಅಪಾಯ ಬೇರೆ ತರಹದ್ದು. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟರೆ ಶೀಲಹಳ್ಳಿ ಸೇತುವೆ ಮುಳುಗಿ ಊರುಗಳೇ ತುಂಡಾಗುತ್ತವೆ. ಹೊಳೆಯಲ್ಲಿ ಮೊಸಳೆ ಇವೆ. ಅಲ್ಲಿಗೆ ದಾರಿ ಮಾಡುವುದಾದರೆ ಬೋರ್ಡಿಗಿಂತ ಮೊದಲು ನೀರು ಬಿಡುವ ಮುನ್ಸೂಚನೆ ಬೇಕು.

ಇದೆಲ್ಲ ನಿಜ. ಆದರೆ ‘ಬಿಟ್ಟರೆ ಹಾಳು ಮಾಡ್ತಾರೆ’ ಎನ್ನುವವರಿಗೆ ನಮ್ಮದೊಂದು ಪ್ರಶ್ನೆ. ಬಿಡದೇ ಇದ್ದಾಗ ಗುಡ್ಡ ಉಳಿದಿದೆಯೇ? ಯಾರೂ ಹೋಗದ ಗುಡ್ಡಕ್ಕೆ ಮೊದಲು ಹೋಗುವುದು ರಾತ್ರಿ ಟ್ರ್ಯಾಕ್ಟರ್. ಮೊರಂ ತೋಡಿದ್ದು, ಕಲ್ಲು ಒಡೆದದ್ದು, ಅಂಚಿನ ಎರಡು ಎಕರೆ ಹೊಲಕ್ಕೆ ಸೇರಿಸಿಕೊಂಡದ್ದು ಗೊತ್ತಾಗುವಷ್ಟರಲ್ಲಿ ಗುಡ್ಡದ ಒಂದು ಮಗ್ಗಲು ಹೋಗಿರುತ್ತದೆ. ದಿನಾ ಬೆಳಿಗ್ಗೆ ಐವತ್ತು ಮಂದಿ ನಡೆದಾಡುವ ಗುಡ್ಡದಲ್ಲಿ ಗುಟ್ಟಾಗಿ ಕಲ್ಲು ಒಡೆಯುವುದು ಕಷ್ಟ. ನೋಡುವ ಕಣ್ಣು ಇದ್ದರೆ ಕಾವಲುಗಾರ ಕಡಿಮೆ ಸಾಕು. ಬೆಂಕಿ ಬಿದ್ದಾಗ ಮೊದಲು ಫೋನು ಮಾಡುವವನೂ ಅಲ್ಲಿ ನಡೆಯುವವನೇ.

ಹೊರಗಿನ ದೇಶಗಳಲ್ಲಿ ಇದನ್ನು ಕಾನೂನೇ ಮಾಡಿದ್ದಾರೆ. ನಾರ್ವೆಯಲ್ಲಿ 1957ರ, ಸ್ಕಾಟ್ಲೆಂಡಿನಲ್ಲಿ 2003ರ ಕಾಯ್ದೆಯಂತೆ, ಬಯಲು ಮತ್ತು ಕಾಡಿನಲ್ಲಿ ನಡೆಯುವುದು ಎಲ್ಲರ ಹಕ್ಕು. ಜೊತೆಗೆ ಕರ್ತವ್ಯವೂ ಇದೆ: ಬೆಳೆ ತುಳಿಯಬಾರದು, ಪ್ರಾಣಿಗೆ ತೊಂದರೆ ಕೊಡಬಾರದು, ಕಸ ಬಿಡಬಾರದು. ಅವರ ಚಳಿ ದೇಶ ಬೇರೆ, ನಮ್ಮ ಬಿಸಿಲ ನಾಡು ಬೇರೆ. ಅವರ ಕಾನೂನನ್ನು ಹಾಗೇ ತರಲು ಆಗದು. ಆದರೆ ಹಕ್ಕು ಮತ್ತು ಹೊಣೆ ಒಟ್ಟಿಗೆ ಕೊಡಬಹುದು ಎಂಬ ಮಾತು ಎಲ್ಲಿಗಾದರೂ ಹೊಂದುತ್ತದೆ.

ನಾವು ಕೇಳುವುದು ಇಷ್ಟು

ಒಂದು, ನಕ್ಷೆ. ಪ್ರತಿ ಗ್ರಾಮ ಪಂಚಾಯಿತಿ ಗೋಡೆಯ ಮೇಲೆ ಆ ಊರಿನ ಗುಡ್ಡದ ನಕ್ಷೆ ಹಾಕಲಿ. ಯಾವ ಸರ್ವೆ ನಂಬರ್ ಅರಣ್ಯದ್ದು, ಯಾವುದು ಕಂದಾಯದ್ದು, ಯಾವುದು ಪುರಾತತ್ವದ್ದು, ಎಲ್ಲಿ ಹೋಗಬಹುದು, ಎಲ್ಲಿ ಹೋಗಬಾರದು ಎಂದು ಕನ್ನಡದಲ್ಲಿ ಬರೆಯಲಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಎರಡು, ತಾಲ್ಲೂಕಿಗೆ ಒಂದೊಂದೇ ದಾರಿಯಿಂದ ಶುರು ಮಾಡಲಿ. ಮಸ್ಕಿಯಲ್ಲಿ ಗುಡ್ಡ ಸುತ್ತುವ ದಾರಿ, ಲಿಂಗಸುಗೂರಿನಲ್ಲಿ ಮುದಗಲ್–ಪಿಕ್ಲಿಹಾಳ, ಸಿಂಧನೂರಿನಲ್ಲಿ ಸೋಮಲಾಪುರದ ಗುಡ್ಡದ ಬುಡ. ಎರಡು ಮೂರು ಕಿಲೊಮೀಟರ್ ಸಾಕು. ಮುಳ್ಳು ಸವರಿ, ಕಲ್ಲು ಪಕ್ಕಕ್ಕೆ ಜೋಡಿಸಿ, ಬಂಡೆಯ ಮೇಲೆ ಅಲ್ಲದೆ ಕಂಬದ ಮೇಲೆ ಗುರುತು ಹಾಕಲಿ. ಕೇಂದ್ರ ರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ನಮಗೂ ಕಟ್ಟಡ ಬೇಡ. ನೆರಳಿಗೆ ಬೇವು, ಹುಣಸೆ, ಆಲ ನೆಟ್ಟರೆ ಸಾಕು.

ಮೂರು, ಹೊತ್ತು ನಿಗದಿ ಮಾಡಲಿ. ಸೂರ್ಯ ಹುಟ್ಟಿದ ಮೇಲೆ ಒಳಗೆ, ಮುಳುಗುವ ಮೊದಲು ಹೊರಗೆ. ಕರಡಿ ಗವಿ ಇರುವ ಕಡೆ ದಾರಿಯೇ ಬೇಡ. ಹುಲ್ಲು ಒಣಗಿದ ಎರಡು ತಿಂಗಳು ಕೆಲವು ದಾರಿ ಮುಚ್ಚಿದರೂ ನಾವು ಒಪ್ಪುತ್ತೇವೆ.

ನಾಲ್ಕು, ಉಸ್ತುವಾರಿ ಊರಿನವರದಾಗಲಿ. ಗ್ರಾಮ ಅರಣ್ಯ ಸಮಿತಿ ಎಂಬುದು ನಮ್ಮ ರಾಜ್ಯದಲ್ಲಿ 1993ರಿಂದ ಇದೆ. ಹಲವು ಊರಲ್ಲಿ ಅದು ಕಡತದಲ್ಲಿ ಮಲಗಿದೆ. ಅದನ್ನು ಎಬ್ಬಿಸಿ, ಕುರಿಗಾಹಿಗಳನ್ನೂ ಹೆಣ್ಣುಮಕ್ಕಳನ್ನೂ ಸೇರಿಸಿ. ಹೊರಗಿನಿಂದ ಬಂದವರಿಗೆ ದಾರಿ ತೋರಿಸುವ ಕೆಲಸ, ಅದರ ದುಡ್ಡು ಕುರಿಗಾಹಿ ಮನೆಯ ಹುಡುಗರಿಗೆ ಸಿಗಲಿ. ಊರಿನವರಿಗೆ ಟಿಕೆಟ್ ಬೇಡ.

ಐದು, ಹೆಣ್ಣುಮಕ್ಕಳು ನಡೆಯುವ ಹಾಗೆ ಇರಲಿ. ದಾರಿ ಊರಿಗೆ ಕಾಣುವಂತಿರಬೇಕು, ಶುರುವಿನಲ್ಲಿ ಒಂದು ಶೌಚಾಲಯ, ಒಂದು ಕುಡಿಯುವ ನೀರಿನ ನಳ ಇರಬೇಕು. ಹೆಣ್ಣುಮಗಳು ಒಬ್ಬಳೇ ನಡೆದು ಬರಬಹುದಾದ ದಾರಿಯೇ ಒಳ್ಳೆಯ ದಾರಿ ಎಂಬುದು ನಮ್ಮ ಅಳತೆ.

ದುಡ್ಡು ಎಲ್ಲಿದೆ ಎಂದು ಕೇಳಬೇಡಿ. 2023–24ರ ಬಜೆಟ್‌ನಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಘೋಷಿಸಿದ್ದು 5,000 ಕೋಟಿ ರೂಪಾಯಿ. ಮುಳ್ಳು ಸವರಿ ಕಲ್ಲು ಜೋಡಿಸುವ ಎರಡು ಕಿಲೊಮೀಟರ್ ಕಾಲ್ದಾರಿಗೆ ಅದರ ಧೂಳು ಸಾಕು. ಇಲ್ಲಿ ಇಲ್ಲದಿರುವುದು ದುಡ್ಡಲ್ಲ. ದೊಡ್ಡ ಟೆಂಡರ್ ಇಲ್ಲದ ಕೆಲಸಕ್ಕೆ ಬೆನ್ನು ಹತ್ತುವವರು ಇಲ್ಲ, ಅಷ್ಟೇ.

ಕೊನೆಗೆ ಒಂದು ಮಾತು

ಮಸ್ಕಿಯ ಶಾಸನದಲ್ಲಿ ಅಶೋಕ ಹೇಳಿದ್ದು ಏನು ಎಂದು ಶಾಲೆಯಲ್ಲಿ ನಮಗೆ ಯಾರೂ ಬಿಡಿಸಿ ಹೇಳಲಿಲ್ಲ. ಹೆಸರು ಸಿಕ್ಕಿತು ಎಂದಷ್ಟೇ ಹೇಳಿದರು. ಅದರ ತಾತ್ಪರ್ಯ ಇದು: ಈ ಒಳ್ಳೆಯದು ದೊಡ್ಡವರಿಗೆ ಮಾತ್ರ ಸಿಗುವಂಥದ್ದು ಎಂದು ತಿಳಿಯಬೇಡಿ, ಸಣ್ಣವನೂ ಇದನ್ನು ಪಡೆಯಬಲ್ಲ, ಇಬ್ಬರಿಗೂ ಇದನ್ನು ಹೇಳಿ. ಆತ ಹೇಳಿದ್ದು ಧರ್ಮದ ಬಗ್ಗೆ. ಆದರೆ ಆ ಬಂಡೆ ಇರುವ ಗುಡ್ಡಕ್ಕೂ ಆ ಮಾತು ಸಲ್ಲುತ್ತದೆ ಎಂದು ನಮಗೆ ಅನ್ನಿಸುತ್ತದೆ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಮುಂದಿನ ಸಭೆಯಲ್ಲಿ ಮನೆ, ಚರಂಡಿ, ಸಿಸಿ ರಸ್ತೆಯ ಮಾತು ಮುಗಿದ ಮೇಲೆ ಒಬ್ಬರು ಎದ್ದು ನಿಂತು ಕೇಳಿ: ‘ನಮ್ಮ ಗುಡ್ಡದ ನಕ್ಷೆ ತೋರಿಸ್ರಿ, ದಾರಿ ಎಲ್ಲಿ ಐತಿ?’ ಉತ್ತರ ಬರದಿದ್ದರೂ ಪ್ರಶ್ನೆ ನಡಾವಳಿಯಲ್ಲಿ ಬರೆಸಿ. ಬರೆದ ನಡಾವಳಿಯ ಫೋಟೊ ನಮಗೆ ಕಳಿಸಿ. ಮುಂದಿನ ಸುದ್ದಿ ಅಲ್ಲಿಂದಲೇ ಬರೆಯುತ್ತೇವೆ.